ಗೊಂಬೆ ಓಣಿಯ ಮಧ್ಯಾಹ್ನದ ಊಟ

ಸೋಶಿಯಲ್ ವರ್ಕ್ ಓದಿ ಈಚೆಗೆ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಚಹಾ ಕುಡಿಯುತ್ತ ಕೇಳಿದಳು: "ಆಂಟಿ, ನಿಮ್ಮ ಕಾಲದಲ್ಲಿ ಬೆನಿಫಿಶಿಯರಿಗಳನ್ನು ಹೇಗೆ ಐಡೆಂಟಿಫೈ ಮಾಡುತ್ತಿದ್ದಿರಿ?" ನನಗೆ ನಗು ಬಂತು. ಗೋಕಾಕಿನಲ್ಲಿ ನನ್ನ ಸೀರೆಯ ಅಂಚು ಓಣಿಯ ತಿರುವಿನಲ್ಲಿ ಕಂಡ ಕೂಡಲೇ ಮನೆಗಳೊಳಗೆ ಒಲೆ ಹೊತ್ತಿಕೊಳ್ಳುತ್ತಿತ್ತು. ಒಲೆಯ ಮೇಲೆ ಗಡಿಗೆ, ಗಡಿಗೆಯೊಳಗೆ ಬರೀ ನೀರು. ಹಬೆ ಏಳುವುದನ್ನು ನೋಡಿ, ಈ ಮನೆಯಲ್ಲಿ ಅಡಿಗೆ ನಡೆದಿದೆ ಎಂದುಕೊಂಡು ನಾನು ಮುಂದೆ ಹೋಗಲಿ ಅಂತ. ಯಾರಿಗೆ ಹಸಿವಿದೆ ಎಂದು ನಾನು ಗುರುತಿಸುವ ಮೊದಲೇ ಅವರು ನನ್ನನ್ನು ಗುರುತಿಸಿರುತ್ತಿದ್ದರು.

ಆ ಹುಡುಗಿಗೆ ಇಷ್ಟು ಹೇಳುವುದರೊಳಗೆ ಅವಳ ಬಸ್ಸಿನ ಹೊತ್ತಾಯಿತು. ಹೇಳದೇ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಮುಂದೆ ನನಗೆ ದೊಡ್ಡ ಕುರ್ಚಿ ಸಿಕ್ಕಿತು, ಬಾಗಿಲಿಗೆ ನೇಮ್ ಬೋರ್ಡ್ ಬಂತು. ಅದರ ವಿಷಯ ಬೇಡ. ಆ ಕೋಣೆಯಲ್ಲಿ ನಡೆದದ್ದು ಒಂದೂ ನೆಟ್ಟಗೆ ನೆನಪಿಲ್ಲ.

ನಾನು ಬೆಳಗಾವಿಯಲ್ಲಿ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷು, ಎಂಬ್ರಾಯ್ಡರಿ, ಊಟದ ಮುಂಚೆ ಕಣ್ಣು ಮುಚ್ಚಿ ಹೇಳುವ ಗ್ರೇಸ್ ಇಷ್ಟನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಮದುವೆಯಾಗಿ ಗೋಕಾಕಿಗೆ ಬಂದೆ. ಸ್ವಾತಂತ್ರ್ಯ ಬಂದು ಹೆಚ್ಚು ವರ್ಷ ಆಗಿರಲಿಲ್ಲ, ನಾವಿನ್ನೂ ಮುಂಬಯಿ ರಾಜ್ಯದವರು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಜೋಳ ತುಟ್ಟಿಯಾಗಿತ್ತು. ನೂಲು ಬರುತ್ತಿರಲಿಲ್ಲವಾಗಿ ಮಗ್ಗಗಳು ಸುಮ್ಮನೆ ಕೂತಿದ್ದವು. ಗೋಕಾಕಿನ ಕಟ್ಟಿಗೆಯ ಗೊಂಬೆಗಳ ಪಾಡಂತೂ ಕೇಳಬೇಡಿ. ಮಾವಿನಹಣ್ಣು, ಬಾಳೆಹಣ್ಣು, ಗಿಳಿ, ಎಲ್ಲ ನಿಜವಾದವೇ ಅನ್ನುವಂತೆ ಬಣ್ಣ ಹಚ್ಚಿಕೊಂಡು ಅಂಗಡಿಗಳಲ್ಲಿ ಧೂಳು ತಿನ್ನುತ್ತಿದ್ದವು. ನಿಜವಾದ ಹಣ್ಣನ್ನೇ ಕೊಳ್ಳಲಾರದವರು ಕಟ್ಟಿಗೆಯದನ್ನು ಯಾಕೆ ಕೊಂಡಾರು?

ಊರಿನ ನಾಲ್ಕು ಜನ ಹಿರಿಯರು ಸೇರಿ ಪೇಟೆಯ ಹಿಂದಿನ ಹಳೆಯ ಅರಳೆ ಗೋದಾಮಿನಲ್ಲಿ, ಇಲ್ಲದವರಿಗೆ ಹಂಚಲು, ಒಂದು ಕಾಳಿನ ಮನೆ ತೆರೆದರು. ಮೂಡಲಗಿ, ತುಕ್ಕಾನಟ್ಟಿ ಕಡೆಯ ಒಕ್ಕಲು ಮನೆಗಳ ಹೆಣ್ಣುಮಕ್ಕಳು ಬೀಸುಕಲ್ಲಿಗೆ ಕೂರುವ ಮುಂಚೆ ಒಂದು ಹಿಡಿ ಜೋಳ ತೆಗೆದು ಬೇರೆ ಗಡಿಗೆಯಲ್ಲಿ ಹಾಕುವುದು, ಗಡಿಗೆ ತುಂಬಿದಾಗ ಸಂತೆಗೆ ಬರುವ ಚಕ್ಕಡಿಯಲ್ಲಿ ಅದು ನಮ್ಮಲ್ಲಿಗೆ ಬರುವುದು. ಅದಕ್ಕೆ ಹಿಡಿಕಾಳು ಅನ್ನುತ್ತಿದ್ದರು. ಹುಕ್ಕೇರಿ, ಸಂಕೇಶ್ವರದ ಕಡೆಯಿಂದ ವ್ಯಾಪಾರಸ್ಥರು ಬೆಲ್ಲ ಕಳಿಸುತ್ತಿದ್ದರು. ಹಿಡಿಕಾಳಿನ ಚೀಲ ಸುರಿದರೆ ಬಿಳಿಜೋಳ, ಕೆಂಪುಜೋಳ, ನಡುವೆ ನಾಲ್ಕು ಹೆಸರುಕಾಳು, ಒಮ್ಮೊಮ್ಮೆ ಯಾರದೋ ಮೂಗುಬೊಟ್ಟು. ಮೂಗುಬೊಟ್ಟು ಸಿಕ್ಕರೆ ಮುಂದಿನ ಸಂತೆಯ ದಿನ ಚಕ್ಕಡಿಯವನ ಕೈಯಲ್ಲಿ ತಿರುಗಿ ಕಳಿಸುವುದೂ ನನ್ನ ಕೆಲಸವೇ. ಕಾಗದದ ಮೇಲೆ ನಾನು ‘ಲೇಡಿ ಆರ್ಗನೈಸರ್’. ಮುಂಬಯಿಯ ದಾನಿಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಬೇರೆ ಯಾರಿಗೂ ಬರುತ್ತಿರಲಿಲ್ಲ, ಅದಕ್ಕೇ ನನ್ನನ್ನು ಕರೆದದ್ದು. ಉಳಿದ ಹೊತ್ತೆಲ್ಲ ಇಲಿಯ ಹಿಕ್ಕೆ ಗುಡಿಸುತ್ತಿದ್ದೆ.

ಕಾಳು ಅಳೆಯುವವಳು ಹುಸೇನಬಿ. ನೇಕಾರ ಮನೆಯ ಹೆಂಗಸು, ನನಗಿಂತ ಹದಿನೈದು ವರ್ಷ ಹಿರಿಯಳು. ಮೊದಲ ಸೇರನ್ನು ಒಂದು ಎನ್ನದೆ "ಲಾಭಾ..." ಎಂದು ರಾಗ ಎಳೆದು ಶುರುಮಾಡಿದರೆ ಗೋದಾಮೆಲ್ಲ ಕೇಳಿಸುತ್ತಿತ್ತು.

ನಮ್ಮ ಮೇಲಿನವರು ಇನಾಮದಾರ ಸಾಹೇಬರು. ಯುದ್ಧದ ಕಾಲದಲ್ಲಿ ರೇಶನ್ ಖಾತೆಯಲ್ಲಿದ್ದು ರಿಟೈರ್ ಆದವರು. ಖಾಕಿ ಕೋಟು, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ. ಕಾಳು ತೆಗೆದುಕೊಳ್ಳುವವರು ಬೀದಿಯಲ್ಲಿ ಸಾಲಾಗಿ ನಿಲ್ಲಬೇಕು, ಸೀಟಿ ಊದಿದಾಗ ಒಬ್ಬರು ಒಳಗೆ ಬರಬೇಕು, ಹೆಬ್ಬೆಟ್ಟು ಒತ್ತಬೇಕು.

"ನೋಡ್ರಿ ಬಾಯಾರ, ಕ್ಯೂ ಈಸ್ ದ ಫಸ್ಟ್ ಲೆಸನ್ ಆಫ್ ಡೆಮಾಕ್ರಸಿ" ಅನ್ನುತ್ತಿದ್ದರು.

ಹುಸೇನಬಿ ಸೆರಗಿನೊಳಗೆ ನಗುತ್ತಿದ್ದಳು. "ಸಾಯಬ್ರು ಸೀಟಿ ಊದಿದ್ರ ನನಗ ರೈಲು ಬಂತೇನೋ ಅನಸ್ತೈತ್ರಿ ಅಕ್ಕಾರ."

ಕೂಲಿಯವರು ಬಂದರು, ಕೆಲವು ನೇಕಾರರೂ ಬಂದರು. ಗೊಂಬೆ ಮಾಡುವವರ ಓಣಿಯಿಂದ ಮಾತ್ರ ಒಬ್ಬರೂ ಬರಲಿಲ್ಲ. "ಅವರಿಗೆ ನೆಸೆಸಿಟಿ ಇಲ್ಲ ಅಂತ ಕಾಣಸ್ತೈತಿ. ಹೋಗಿ ವೆರಿಫೈ ಮಾಡಿ ಬರ್ರಿ" ಎಂದರು ಸಾಹೇಬರು.

ಹೋದೆ. ಓಣಿಯ ಮೊದಲ ಮನೆ ನೀಲವ್ವನದು. ಗೊಂಬೆ ಮಾಡುವ ಮನೆತನದ ಹಿರಿಯ ಹೆಂಗಸು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಯಲ್ಲಪ್ಪ ಉಳಿ, ಬಾಚಿ ಮೂಲೆಗಿಟ್ಟು ಹತ್ತರಗಿಯ ಹತ್ತಿರ ರಸ್ತೆಗೆ ಕಲ್ಲು ಒಡೆಯಲು ಹೋಗಿದ್ದ. ಮನೆಯಲ್ಲಿ ಸೊಸೆ ರತ್ನವ್ವ, ಅವಳ ಎರಡು ಸಣ್ಣ ಮಕ್ಕಳು. ಒಲೆಯ ಮೇಲೆ ಗಡಿಗೆ ಹಬೆಯಾಡುತ್ತಿತ್ತು.

"ಬರ್ರಿ ಅಕ್ಕಾರ, ಕುಂದರ್ರಿ" ಎಂದು ನೀಲವ್ವ ಚಾಪೆ ಹಾಸಿದಳು. "ಹೊಸದಾಗಿ ಮದಿವ್ಯಾಗಿ ಬಂದೀರಂತ. ಮಾಸ್ತರರ ಹೇಂತಿ ಅಲ್ಲೇನ್ರಿ?"

ನಾನು ವಿಷಯಕ್ಕೆ ಬಂದೆ. ಕಾಳಿನ ಮನೆ, ವಾರಕ್ಕೆ ಇಷ್ಟು ಸೇರು, ಸಂಕೋಚ ಬೇಡ, ಇತ್ಯಾದಿ. ನೀಲವ್ವ ಪೂರ್ತಿ ಕೇಳಿದಳು.

"ಚಲೋ ಕೆಲಸಾ ಮಾಡಾಕತ್ತೀರಿ. ಪಾಪ, ಇಲ್ಲದವ್ರು ಬಾಳ ಅದಾರ ಊರಾಗ. ಅವ್ರಿಗೆ ಕೊಡ್ರಿ."

"ನಿಮ್ಮ ಮನಿಯಾಗ..."

"ನಮ್ಮ ಮನಿಗೇನಾಗೇತ್ರಿ? ಒಲಿ ಕಾಣ್ಸೂದಿಲ್ಲೇನು?"

ಎದ್ದು ಹೊರಟೆ. ಹೊಸ್ತಿಲ ಹತ್ತಿರ ಬಂದಾಗ ಹಿಂದಿನಿಂದ ನೀಲವ್ವನ ದನಿ ಬಂತು. "ರತ್ನಾ, ಮುತ್ತೈದಿ ಮೊದಲನೇ ಸಲ ಮನಿಗೆ ಬಂದಾಳ. ಹಂಗ ಬರಿಗೈಲೆ ಕಳಸ್ತೀಯೇನ? ಉಡಿ ತುಂಬು."

ರತ್ನವ್ವ ಅತ್ತೆಯ ಮುಖ ನೋಡಿದಳು. ಅತ್ತೆ ಕಣ್ಣು ಕದಲಿಸಲಿಲ್ಲ. ರತ್ನವ್ವ ಒಳಗೆ ಹೋದಳು. ಮಡಕೆಯ ತಳಕ್ಕೆ ಕಾಳು ಅಳೆಯುವ ಬಳ್ಳ ಕೆರೆಯುವ ಸಪ್ಪಳ ಕೇಳಿಸಿತು. ನನ್ನ ಹಣೆಗೆ ಕುಂಕುಮ ಹಚ್ಚಿ, ನಾನು ಹಿಡಿದ ಸೆರಗಿನಲ್ಲಿ ಜೋಳ ಸುರಿದಳು. ಮೇಲೆ ಒಂದು ಅರಿಶಿನಬೇರು, ಒಂದು ಚೂರು ಒಣಕೊಬ್ಬರಿ. ಉಡಿಯನ್ನು ಒಲ್ಲೆ ಅನ್ನುವ ಹಾಗಿಲ್ಲ, ಅಂದರೆ ಆ ಮನೆಗೆ ಕೇಡು ಬಯಸಿದ ಹಾಗೆ. ಕಾನ್ವೆಂಟಿನಲ್ಲಿ ಓದಿದ್ದರೂ ಅಷ್ಟು ನನಗೆ ಗೊತ್ತಿತ್ತು. ಹಸಿದವರಿಗೆ ಕಾಳು ಕೊಡಲು ಹೋದವಳು ಆ ಮನೆಯ ರಾತ್ರಿಯ ಊಟವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೀದಿಯಲ್ಲಿ ನಡೆದು ಬಂದೆ.

ಗೋದಾಮಿಗೆ ಬಂದು ಹುಸೇನಬಿಗೆ ಹೇಳುವಾಗ ನನಗೆ ಅಳು, ಅವಳಿಗೆ ನಗು.

"ಇದ ಮೊದಲ ನೋಡ್ರಿ ಅಕ್ಕಾರ, ವೆರಿಪಾಯ ಮಾಡಾಕ ಹೋದಾಕಿ ವಸೂಲಿ ಮಾಡ್ಕೊಂಡು ಬಂದಿದ್ದು!"

ಆಗಲೇ ಅವಳಿಗೂ ನನಗೂ ಒಟ್ಟಿಗೇ ಒಂದು ವಿಚಾರ ಹೊಳೆಯಿತು. ಅವರು ನನ್ನ ಉಡಿ ತುಂಬಿದ್ದಾರೆ ಅಂದಮೇಲೆ ರತ್ನವ್ವನೂ ನನ್ನ ಮನೆಗೆ ಬರಬೇಕಲ್ಲ? ಬಂದರೆ ನಾನೂ ತುಂಬಲೇಬೇಕಲ್ಲ? ಆ ವಾರವೇ ಅರಿಶಿನ ಕುಂಕುಮಕ್ಕೆ ಕರೆದೆ. ನಮ್ಮ ಅತ್ತೆಯವರೇ ಮುಂದೆ ನಿಂತು ಅವಳ ಸೆರಗಿನಲ್ಲಿ ಅವಳು ಕಷ್ಟಪಟ್ಟು ಹೊರುವಷ್ಟು ಜೋಳ ಸುರಿದರು. ರತ್ನವ್ವ "ಸಾಕ್ರಿ, ಸಾಕ್ರಿ" ಅಂದಳೇ ಹೊರತು ಒಲ್ಲೆ ಅನ್ನಲಿಲ್ಲ. ಮುಂದಿನ ವಾರ ಓಣಿಯ ಇನ್ನೊಬ್ಬಳು, ಆಮೇಲೆ ಮತ್ತೊಬ್ಬಳು. ನನ್ನ ಮನೆ ಸಾಲದೆ ನೆರೆಯ ವಕೀಲರ ಮನೆ, ಡಾಕ್ಟರ ಮನೆಗಳಲ್ಲೂ ಅರಿಶಿನ ಕುಂಕುಮ ಶುರುವಾಯಿತು. ಕಾಳು ಗೋದಾಮಿನದು, ಸೆರಗು ಓಣಿಯದು, ನಡುವೆ ನಾವು.

ಸಾಹೇಬರಿಗೆ ತಿಳಿಯದೆ ಇದ್ದೀತೆ? ಕರೆಸಿದರು.

"ಬಾಯಾರ, ಕಾಳು ಹೋಗಾಕತ್ತೈತಿ, ಹೆಬ್ಬೆಟ್ಟು ಬರವಲ್ದು. ವಾಟ್ ಈಸ್ ದಿಸ್ ಉಡಿ?"

"ಸರ್, ಇಟ್ ಈಸ್ ಎ ಕಸ್ಟಮ್."

"ಕಸ್ಟಮ್ ಅಂತ ನನಗೂ ಗೊತ್ತೈತ್ರಿ! ನಾ ಏನ್ ವಿಲಾಯತಿಯಿಂದ ಬಂದೇನೇನು? ಯಾವ ಕಾಲಮ್ಮಿನ್ಯಾಗ ಬರೀಬೇಕು ಹೇಳ್ರಿ."

ಅಷ್ಟರಲ್ಲಿ ಬಾಗಿಲಲ್ಲಿ ಅವರ ಮನೆಯವರು ಊಟದ ಡಬ್ಬಿ ಹಿಡಿದು ನಿಂತಿದ್ದರು. "ಏನ್ರಿ, ನಾಳೆ ನಮ್ಮ ಮನ್ಯಾಗೂ ಅರಿಶಿನ ಕುಂಕುಮ ಇಟ್ಕೊಂಡೇನಿ. ಎರಡು ಚೀಲ ಕಳಸಾಕ ಹೇಳ್ರಿ" ಎಂದರು. ಸಾಹೇಬರು ಸೀಟಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಮರುದಿನ ರಜಿಸ್ಟರಿನಲ್ಲಿ ‘ಸೋಶಿಯಲ್ ಕಾಲ್ಸ್’ ಎಂಬ ಹೊಸ ಕಾಲಮ್ ಇತ್ತು, ಅವರದೇ ದುಂಡನೆಯ ಅಕ್ಷರದಲ್ಲಿ.

ಆ ದಿನಗಳ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ, ನೆನೆದರೆ ಈಗಲೂ ನಗು ತಡೆಯದು. ಪರದೇಶದಿಂದ ಹಾಲಿನ ಪುಡಿಯ ಡ್ರಮ್ಮುಗಳು ಬಂದವು. ಮಕ್ಕಳಿಗೆ ಕದಡಿ ಕುಡಿಸಿರಿ ಎಂದು ಮನೆಮನೆಗೆ ಕೊಟ್ಟೆವು. ಆ ವಾಸನೆ ಯಾವ ಮಗುವಿಗೂ ಸೇರಲಿಲ್ಲ. ಗೊಂಬೆ ಓಣಿಯವರು ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಗೊಂಬೆಗೆ ಬಣ್ಣ ಹಚ್ಚುವ ಮುಂಚೆ ಬಿಳಿಯ ಲೇಪ ಕೊಡುತ್ತಾರೆ, ಹುಣಸೆ ಬೀಜದ ಅಂಟಿನಲ್ಲಿ ಬಿಳಿಮಣ್ಣು ಕಲಸಿ. ಮಣ್ಣಿನ ಬದಲು ಇದನ್ನೇ ಕಲಸಿದರು. ಎಂಥ ಹೊಳಪು ಬಂತೆನ್ನುತ್ತೀರಿ! ಆ ಹೊಳಪಿನ ಮೊದಲ ಮಾವಿನಹಣ್ಣನ್ನು ರತ್ನವ್ವ ಪ್ರೀತಿಯಿಂದ ಸಾಹೇಬರಿಗೇ ತಂದುಕೊಟ್ಟಳು. ಅವರು ಮೇಜಿನ ಮೇಲೆ ಪೇಪರ್ ವೇಟ್ ಮಾಡಿ ಇಟ್ಟುಕೊಂಡರು. ಎರಡನೆಯ ದಿನ ಮಾವಿನಹಣ್ಣು ಕಪ್ಪಗಾಗಿತ್ತು, ಹತ್ತಿರ ಹೋಗಿ ನೋಡಿದರೆ ಎಲ್ಲ ಇರುವೆ. ಮುಂದೆ ನಾವು ಪುಡಿಯನ್ನು ಜೋಳದ ಹಿಟ್ಟಿನಲ್ಲಿ ಬೆರೆಸಿ, ಬೆಲ್ಲ ಹಾಕಿ ಉಂಡೆ ಕಟ್ಟಿ ಕೊಡುವ ಪದ್ಧತಿ ಮಾಡಿದೆವು. ಮಕ್ಕಳು ತಿಂದರು.

ಇದೆಲ್ಲ ನಡೆಯುತ್ತಿರುವಾಗ ನೀಲವ್ವ ಸೊರಗುತ್ತಿದ್ದಳು.

ಮೊದಲು ನಾನು ಗಮನಿಸಲಿಲ್ಲ. ಬಳೆಯಿಲ್ಲದ ಕೈ ಸಣ್ಣಗಾದರೆ ಬೇಗ ಗೊತ್ತಾಗುವುದಿಲ್ಲ. ಒಂದು ದಿನ ರತ್ನವ್ವ ಗೋದಾಮಿಗೆ ಬಂದು ಹುಸೇನಬಿಯ ಪಕ್ಕದಲ್ಲಿ ಕೂತು ಅತ್ತಳು. ಉಡಿಯಲ್ಲಿ ಬಂದ ಜೋಳದ ರೊಟ್ಟಿಯನ್ನು ಅತ್ತೆ ಮುಟ್ಟುವುದಿಲ್ಲ. "ಅದು ನಿನ್ನ ಉಡಿ ತುಂಬಿದ್ದು, ಮುತ್ತೈದಿದು. ಗಂಡ ಇಲ್ಲದಾಕಿ ನಾ ಹೆಂಗ ತಿನ್ಲಿ?" ಅನ್ನುತ್ತಾಳೆ. ಯಲ್ಲಪ್ಪ ಕಲ್ಲು ಒಡೆದು ಕಳಿಸಿದ್ದರಲ್ಲಿ ಒಂದಿಷ್ಟು ನುಚ್ಚು ಕುದಿಸಿಕೊಂಡು, ಅದರಲ್ಲೂ ಅರ್ಧ ಮೊಮ್ಮಕ್ಕಳಿಗೆ. ನಿನ್ನೆ ನೀರು ತರಲು ಹೋದವಳು ಹಳ್ಳದ ದಂಡೆಯಲ್ಲಿ ಕೂತುಬಿಟ್ಟಿದ್ದಳಂತೆ, ಏಳಲು ಆಗಿರಲಿಲ್ಲ.

"ಹಿಂಗಾದ್ರ ಮಳಿಗಾಲಾ ನೋಡೂದಿಲ್ರಿ ಆಕಿ" ಎಂದಳು ರತ್ನವ್ವ. "ಅವ್ರ ಮಗಾ ಬಂದ ಮ್ಯಾಲ ನಾ ಏನಂತ ಮಾರಿ ತೋರಿಸ್ಲಿ?"

ನಾನು ವಿಧವೆಯರಿಗೆ ಹಾಗೊಂದು ನಿಯಮ ಇದೆಯೇ ಎಂದು ನಮ್ಮ ಅತ್ತೆಯವರನ್ನು ಕೇಳಿದೆ. ಇಲ್ಲ ಎಂದರು. ಹುಸೇನಬಿ ಸೇರನ್ನು ಬೋರಲು ಹಾಕಿ ಹೇಳಿದಳು: "ನೇಮಾ ಗೀಮಾ ಏನೂ ಇಲ್ರಿ. ಇದ್ದ ರೊಟ್ಟಿ ಮಕ್ಕಳಿಗೆ ಮುಟ್ಲಿ ಅಂತ ಮುದುಕಿ ನೇಮದ ಹೆಸರು ಹೇಳಾಕತ್ತಾಳ."

ಕಾಳು ಹೆಚ್ಚು ಕಳಿಸಿದೆವು. ನೀಲವ್ವ ಅದನ್ನೂ ರತ್ನವ್ವನ ಮಡಕೆಗೇ ಸುರಿದಳು. ಸಾಹೇಬರು ಸೀಟಿ ಮನೆಯಲ್ಲಿಟ್ಟು ತಾವೇ ಹೋಗಿ ಕೈಮುಗಿದು ಕೇಳಿಕೊಂಡರು. "ನಿಮ್ಮಂಥಾ ದೊಡ್ಡಾವ್ರು ನಮ್ಮ ಮನಿಗೆ ಬಂದ್ರಿ, ಅದ ನನ್ನ ಹೊಟ್ಟಿ ತುಂಬಿತ್ರಿ" ಎಂದು ಚಹಾ ಮಾಡಿ ಕುಡಿಸಿ ಕಳಿಸಿದಳು. ತಿರುಗಿ ಬಂದವರು, "ಐ ಹ್ಯಾವ್ ಫೇಲ್ಡ್, ಬಾಯಾರ" ಎಂದು ಕುರ್ಚಿಯಲ್ಲಿ ಕೂತರು. ಸಕ್ಕರೆ ಎಲ್ಲಿಂದ ತಂದಳೋ ಎಂದು ಬಹಳ ಹೊತ್ತು ತಲೆ ಕೆಡಿಸಿಕೊಂಡರು.

ಆ ಹೊತ್ತಿಗೆ ನನಗೆ ಮೂರು ತಿಂಗಳಾಗಿತ್ತು. ಇನ್ನೂ ಯಾರಿಗೂ ಹೇಳಿರಲಿಲ್ಲ. ಯಜಮಾನರಿಗೆ ಗೊತ್ತು ಅಷ್ಟೆ. ತವರಿಗೆ ಪತ್ರ ಬರೆದು, ಅತ್ತೆಯವರಿಗೆ ಒಳ್ಳೆಯ ದಿನ ನೋಡಿ ಹೇಳಬೇಕು ಅಂದುಕೊಂಡಿದ್ದೆ. ಬೆಳಿಗ್ಗೆ ಎದ್ದರೆ ಬಾಯೆಲ್ಲ ನೀರು, ಏನು ಉಂಡರೂ ನಿಲ್ಲುತ್ತಿರಲಿಲ್ಲ. ಗೋದಾಮಿನ ಮೆಟ್ಟಿಲ ಮೇಲೆ ಒಬ್ಬಳು ಪುಂಡಿಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಆ ಹುಳಿಸೊಪ್ಪನ್ನು ನೋಡಿದ ಕೂಡಲೇ ನನಗೆ ಹಸಿವೆಯಾಯಿತು, ನೀಲವ್ವನ ನೆನಪೂ ಆಯಿತು.

ಮನೆಗೆ ಹೋಗಿ ನಮ್ಮ ಮಡಕೆಯಿಂದ ಜೋಳದ ನುಚ್ಚು ಗಂಟು ಕಟ್ಟಿಕೊಂಡೆ, ಬುಟ್ಟಿಯವಳಿಂದ ಸೊಪ್ಪು ತೆಗೆದುಕೊಂಡೆ. ನೆಟ್ಟಗೆ ನೀಲವ್ವನ ಹತ್ತಿರ ಹೋದೆ. ಅವಳು ಗೋಡೆಗೆ ಒರಗಿ ಕೂತಿದ್ದಳು.

"ನೀಲವ್ವಾ, ನಂಗ ಬಯಕಿ ಆಗೇತಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಲ್ಲಿಯವರೆಗೆ ನನಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ.

"ಖರೇನ? ಎಷ್ಟ ತಿಂಗಳಾತ ತಂಗಿ?"

"ಮೂರು. ಯಾರಿಗೂ ಹೇಳಿಲ್ಲ. ನಿಮಗ ಮೊದಲು."

"ನಿಮ್ಮ ಅತ್ತಿಗೆ?"

"ಇಲ್ಲ."

"ಅಯ್ಯ ಹುಚ್ಚಿ! ಅತ್ತಿಗಿಂತ ಮೊದಲ ನನಗ್ಯಾಕ ಹೇಳಿದಿ?"

"ಅತ್ತಿಯವರು ಮಾಡಿದ್ದು ಹೊಟ್ಟಿಯಾಗ ನಿಲ್ಲವಲ್ದು. ನಿಮ್ಮ ಕೈಯಾಗಿನ ಪುಂಡಿಪಲ್ಯ ಬೇಕನಸ್ತೈತಿ. ನುಚ್ಚು ಹಾಕಿದ್ದು."

ನೀಲವ್ವ ಗೋಡೆ ಹಿಡಿದು ಎದ್ದಳು. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನುವ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ. ಸೊಪ್ಪು ಸೋಸಿದಳು, ಕುದಿಸಿದಳು, ಬೆಳ್ಳುಳ್ಳಿ ಜಜ್ಜಿದಳು. ನಡುವೆ ಎರಡು ಸಲ ಕೂತು ಉಸಿರು ತೆಗೆದುಕೊಂಡಳು, ರತ್ನವ್ವನನ್ನು ಮಾತ್ರ ಒಲೆಯ ಹತ್ತಿರ ಬಿಡಲಿಲ್ಲ. ತಾಟು ನನ್ನ ಮುಂದೆ ಬಂತು. ಪರಿಮಳಕ್ಕೆ ನನ್ನ ಪ್ರಾಣ ಹೋಗುತ್ತಿತ್ತು. ಆದರೂ ಕೈ ಹಾಕಲಿಲ್ಲ.

"ಉಣ್ಣ ಯವ್ವಾ, ಆರತೈತಿ."

"ನೀವೂ ಬಡಿಸಿಕೊಳ್ರಿ."

"ನಾ ಆಮ್ಯಾಲ."

"ಒಬ್ಬಾಕಿನ ಉಂಡ್ರ ನನಗ ಗಂಟಲದಾಗ ಇಳಿಯೂದಿಲ್ಲ. ನೀವು ಉಂಡ್ರ ಉಣ್ತೀನಿ, ಇಲ್ಲಾಂದ್ರ ಹಿಂಗ ಎದ್ದು ಹೋಗ್ತೀನಿ."

"ಬಸುರಿ ತಾಟ ಬಿಟ್ಟು ಏಳಬಾರದು!" ನೀಲವ್ವ ಗಾಬರಿಯಾದಳು. "ರತ್ನಾ, ನೋಡ ಈಕಿನ್ನ! ಕೂಸಿನ ಹೆಸರ ಹೇಳಿ ಹೆದರಸ್ತಾಳ!"

ರತ್ನವ್ವ ಎರಡನೆಯ ತಾಟು ತಂದು ಅತ್ತೆಯ ಮುಂದೆ ಇಟ್ಟಳು. ನೀಲವ್ವ ನನ್ನ ಮುಖ ನೋಡಿದಳು. ನಾನು ಕಾನ್ವೆಂಟಿನಲ್ಲಿ ಕಲಿತ ಹಾಗೆ ಕಣ್ಣು ಮುಚ್ಚಿ ಕೈ ಜೋಡಿಸಿ ಕೂತುಬಿಟ್ಟೆ. ಗ್ರೇಸಿನ ಶಬ್ದಗಳು ಒಂದೂ ನೆನಪಾಗಲಿಲ್ಲ, ಈ ಮುದುಕಿ ಒಂದು ತುತ್ತು ಉಣ್ಣಲಿ ಅನ್ನುವುದೊಂದೇ. ಕಣ್ಣು ಬಿಟ್ಟಾಗ ಅವಳ ಬಾಯಿ ಆಡುತ್ತಿತ್ತು.

"ಉಪ್ಪ ಕಡಿಮಿ ಆಗೇತಿ" ಎಂದಳು ನೀಲವ್ವ.

ಅಂದಿನಿಂದ ಗೋದಾಮಿನ ಕೆಲಸ ಮುಗಿಸಿ ಮಧ್ಯಾಹ್ನ ಅಲ್ಲಿಗೇ ಹೋಗುತ್ತಿದ್ದೆ. ಒಂದು ದಿನ ನುಚ್ಚು ಮಜ್ಜಿಗೆ, ಒಂದು ದಿನ ರೊಟ್ಟಿ, ಎಣ್ಣೆ ಚಟ್ನಿ. ನನ್ನ ಬಯಕೆಗಳು ಆ ಓಣಿಯಲ್ಲಿ ದೊಡ್ಡ ಸುದ್ದಿಯಾದವು. ಅತ್ತೆಯವರಿಗೆ ವಿಷಯ ಹೊರಗಿನಿಂದ ತಿಳಿದು ನಾಲ್ಕು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಐದನೆಯ ದಿನ ತಾವೇ ಒಂದು ತಂಬಿಗೆ ಮೊಸರು ಕೊಟ್ಟು, "ಆಕಿಗೂ ಹಾಕು" ಎಂದರು. ನಮ್ಮ ಮಡಕೆಯ ಜೋಳ ಇಳಿಯುತ್ತಿದ್ದದ್ದು ಸಾಹೇಬರಿಗೆ ಹುಸೇನಬಿಯಿಂದ ತಿಳಿಯಿತು. ಅವರು ನನ್ನನ್ನು ಕರೆಯಲಿಲ್ಲ, ಏನೂ ಕೇಳಲಿಲ್ಲ. ವಾರಕ್ಕೊಮ್ಮೆ ಗೋದಾಮಿನಿಂದ ನನ್ನ ಹೆಸರಿಗೆ ಒಂದು ಗಂಟು ಬರತೊಡಗಿತು, ‘ಸ್ಟಾಫ್ ಟಿಫಿನ್’ ಎಂಬ ಚೀಟಿಯೊಂದಿಗೆ.

ನೀಲವ್ವನ ಮುಖದಲ್ಲಿ ರಕ್ತ ಕಾಣತೊಡಗಿತು. ಬೈಯಲು ಶುರುಮಾಡಿದಳು. ನನ್ನ ನಡಿಗೆಗೆ, ಎತ್ತರದ ಹಿಮ್ಮಡಿಯ ಚಪ್ಪಲಿಗೆ, ಇಂಗ್ಲಿಷಿಗೆ. ಅವಳು ಬೈದಷ್ಟೂ ರತ್ನವ್ವ ಒಳಗೊಳಗೆ ಹಿಗ್ಗುತ್ತಿದ್ದಳು.

ಏಳು ತಿಂಗಳು ತುಂಬಿ, ಬೆಳಗಾವಿಯ ತವರಿಗೆ ಹೋಗುವ ದಿನ ಹತ್ತಿರ ಬಂತು. ನನಗೆ ಹೆರಿಗೆಗಿಂತ ಇದೇ ಹೆದರಿಕೆ. ನಾನಿಲ್ಲದಿದ್ದರೆ ಇವಳು ಮತ್ತೆ ತನ್ನ ತಾಟನ್ನು ಮೊಮ್ಮಕ್ಕಳ ಕಡೆ ಸರಿಸುತ್ತಾಳೆ. ಹುಸೇನಬಿಗೆ ಹೇಳಿದೆ. ಅವಳ ಸೊಸೆಗೂ ಆಗ ನಾಲ್ಕು ತಿಂಗಳು. "ಆಕೀನ ಕಳಸ್ತೀನ್ರಿ, ನೀವು ಸುಮ್ಮ ಹೋಗ್ರಿ" ಎಂದಳು. ಹೋಗುವ ದಿನ ನಾನೇ ಅವಳನ್ನು ಕರೆದುಕೊಂಡು ಹೋದೆ. ಹುಡುಗಿ ಸಂಕೋಚದಿಂದ ತನ್ನ ತಾಟು ತಾನೇ ಸೆರಗಿನಲ್ಲಿ ಮುಚ್ಚಿ ತಂದಿದ್ದಳು.

ನೀಲವ್ವನ ಕಣ್ಣಿಗೆ ಅದು ಬಿತ್ತು. "ಅದೇನ? ತಾಟೇನ? ಗೊಂಬಿ ಮಾಡವ್ರ ಮನ್ಯಾಗ ಒಂದ ತಾಟಿಲ್ಲ ಅಂತ ಯಾರ ಹೇಳಿದ್ರ ನಿನಗ? ಒಳಗಿಡ ಅದನ್ನ."

ಬೆಳಗಾವಿಯಲ್ಲಿ ಮಗಳು ಹುಟ್ಟಿದಳು. ಬಾಣಂತನದಲ್ಲಿ ಮಲಗಿಕೊಂಡು ಯಜಮಾನರ ಪತ್ರಗಳಲ್ಲಿ ನೀಲವ್ವನ ಹೆಸರು ಹುಡುಕುತ್ತಿದ್ದೆ. ಅವರು ಗಣಿತದ ಮಾಸ್ತರರು, ಹವೆ ಮತ್ತು ಪರೀಕ್ಷೆಯ ವಿಷಯ ಬರೆಯುತ್ತಿದ್ದರು. ನಡುವೆ ಸಾಹೇಬರದೊಂದು ಕಾರ್ಡು ಬಂತು, ಇಂಗ್ಲಿಷಿನಲ್ಲಿ. ‘ಮೆಟರ್ನಿಟಿ ನ್ಯೂಟ್ರಿಶನ್ ಸೆಂಟರ್’ ಎಂಬುದನ್ನು ಹೇಗೆ ವರ್ಣಿಸಬೇಕು, ಮುಂಬಯಿಗೆ ಕೂಡಲೇ ತಿಳಿಸಬೇಕಾಗಿದೆ, ಎಂದಿತ್ತು. ನನಗೆ ಏನೂ ಅರ್ಥವಾಗಲಿಲ್ಲ.

ಐದು ತಿಂಗಳ ಕೂಸನ್ನು ಎತ್ತಿಕೊಂಡು ಗೋಕಾಕಿಗೆ ಬಂದಿಳಿದವಳು ಮನೆಗೆ ಟ್ರಂಕು ಕಳಿಸಿ ನೆಟ್ಟಗೆ ಗೊಂಬೆ ಓಣಿಗೆ ಹೋದೆ. ಮಧ್ಯಾಹ್ನ ತಿರುಗಿತ್ತು. ನೀಲವ್ವನ ಪಡಸಾಲೆಯ ತುಂಬ ಹೆಂಗಸರು ಸಾಲಾಗಿ ಕೂತು ಉಣ್ಣುತ್ತಿದ್ದರು, ಕೆಲವರಿಗೆ ಹೊಟ್ಟೆ ದುಂಡಗಾಗಿತ್ತು, ಕೆಲವರಿಗೆ ಇನ್ನೂ ಕಾಣುತ್ತಿರಲಿಲ್ಲ. ನೇಕಾರ ಮನೆಯವರು, ಕೂಲಿ ಮಾಡುವವರು, ಓಣಿಯವರು. ಹುಸೇನಬಿಯ ಸೊಸೆ ಹಸಿಕೂಸನ್ನು ಮಡಿಲಲ್ಲಿಟ್ಟುಕೊಂಡು ಚಟ್ನಿ ಬಡಿಸುತ್ತಿದ್ದಳು. ಒಬ್ಬ ಬಸುರಿಯ ಬಾಯಿಂದ ಇನ್ನೊಬ್ಬಳಿಗೆ ಸುದ್ದಿ ಹೋಗಿ, ಬಯಕೆ ಅಂದವರಿಗೆಲ್ಲ ನೀಲವ್ವ ಮಾಡಿ ಹಾಕುತ್ತಿದ್ದಳು. ಕಾಳು ಗೋದಾಮಿನಿಂದ ಬರುತ್ತಿತ್ತು. ಹೆಬ್ಬೆಟ್ಟು ಕೇಳುವವರು ಯಾರೂ ಇರಲಿಲ್ಲ.

ನಾನು ಬಾಗಿಲಲ್ಲೇ ನಿಂತು ಎಲ್ಲರ ಮುಂದಿನ ತಾಟು ನೋಡಿದೆ. ನೀಲವ್ವನ ಮುಂದೆ ತಾಟಿರಲಿಲ್ಲ. ಅವಳು ಸೌಟು ಹಿಡಿದು ನಿಂತಿದ್ದಳು. ಇಷ್ಟು ಜನರಿಗೆ ಬಡಿಸಿ, ತಳದಲ್ಲಿ ಉಳಿದರೆ ಉಂಡು, ಉಳಿಯದಿದ್ದರೆ ನೀರು ಕುಡಿದು ಮಲಗುತ್ತಾಳೇನೋ ಎಂದುಕೊಂಡೆ.

"ನೀಲವ್ವಾ, ನಿಮ್ಮ ತಾಟೆಲ್ಲಿ?"

ಅವಳು ತಿರುಗಿದಳು. ನನ್ನನ್ನು ನೋಡುವ ಮೊದಲು ಕೂಸನ್ನು ನೋಡಿದಳು.

"ನಂದು ಆಗಲೇ ಆತು. ಹೊಟ್ಟಿ ಹಸದಿತ್ತು, ಯಾರ ಹಾದೀನೂ ನೋಡ್ಲಿಲ್ಲ, ಉಂಡೆ. ಆ ಕೂಸಿನ ಇತ್ತ ಕೊಡ, ನೀ ಕೈ ತೊಳಕೊಂಡು ಕುಂದರು."